ಲಕೋಟೆಯ ಮೇಲೆ ಆರು ಅಂಕಿ: ಪಿನ್ ಕೋಡ್ ಓದುವುದು, ಬರೆಯುವುದು ಹೇಗೆ?

ಚಿತ್ರದುರ್ಗ ಜಿಲ್ಲೆಯಲ್ಲಿ ಗೊಲ್ಲರಹಟ್ಟಿ ಎಂಬ ಹೆಸರಿನ ಊರು ಒಂದೆರಡಲ್ಲ. ಬರೀ ‘ಗೊಲ್ಲರಹಟ್ಟಿ, ಚಿತ್ರದುರ್ಗ ಜಿಲ್ಲೆ’ ಎಂದು ಬರೆದು ಅಂಚೆ ಡಬ್ಬಿಗೆ ಹಾಕಿದರೆ ಪತ್ರ ಯಾವ ಹಟ್ಟಿಗೆ ಹೋಗಬೇಕು? ಒಂದೇ ಹೆಸರಿನ ಊರುಗಳು, ಹಲವು ಲಿಪಿಗಳು, ಓದಲಾಗದ ಕೈಬರಹ ಇವೆಲ್ಲ ಸೇರಿ ಆಗುತ್ತಿದ್ದ ತೊಡಕು ಬಿಡಿಸಲೆಂದೇ 1972ರ ಆಗಸ್ಟ್ 15ರಂದು ಪಿನ್ ಕೋಡ್ ಜಾರಿಗೆ ಬಂತು. ಇದನ್ನು ರೂಪಿಸಿದವರು ಕೇಂದ್ರ ಸಂಪರ್ಕ ಸಚಿವಾಲಯದ ಅಧಿಕಾರಿಯಾಗಿದ್ದ ಶ್ರೀರಾಮ್ ಭಿಕಾಜಿ ವೇಲಣಕರ್.

ಮೊದಲು ಅಂಕಿಗಳನ್ನು ಓದುವುದು ಹೇಗೆಂದು ನೋಡೋಣ. ಜಗಳೂರಿನ ಪಿನ್ 577528. ಮೊದಲ 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣ ಸೇರಿದ ವಲಯ. ದೇಶದಲ್ಲಿ ಇಂಥ ವಲಯ ಒಂಬತ್ತು. 9ರಿಂದ ಶುರುವಾಗುವುದು ಸೇನೆಯ ಅಂಚೆಗೆ ಮೀಸಲು. 56ರಿಂದ 59ರವರೆಗೆ ಕರ್ನಾಟಕ. ದೆಹಲಿಯಲ್ಲಿ ಪತ್ರ ವಿಂಗಡಿಸುವವರಿಗೆ ಜಗಳೂರು ಎಲ್ಲಿದೆಯೆಂದು ತಿಳಿದಿರಬೇಕಿಲ್ಲ. 577 ಕಂಡರೆ ಸಾಕು, ಪತ್ರ ನಮ್ಮ ಕಡೆಗೆ ಬರುವ ಚೀಲ ಸೇರುತ್ತದೆ. ಉಳಿದ 528 ಬಟವಾಡೆ ಮಾಡುವ ಅಂಚೆ ಕಚೇರಿಯದು.

ಇಲ್ಲೊಂದು ವಿಷಯವನ್ನು ಚೆನ್ನಾಗಿ ಗಮನಿಸಬೇಕು. 577 ಒಂದು ಜಿಲ್ಲೆಯ ಗುರುತಲ್ಲ. ಚಿಕ್ಕಮಗಳೂರು 577101, ಶಿವಮೊಗ್ಗ 577201, ಚಿತ್ರದುರ್ಗ 577501, ಹರಿಹರ 577601. ದಾವಣಗೆರೆ ನಗರದ ಪಿನ್‌ಗಳು 577001ರಿಂದ ಆರಂಭವಾಗುತ್ತವೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಶಿವಮೊಗ್ಗದಿಂದ ಬಂದ ಚನ್ನಗಿರಿ, ಹೊನ್ನಾಳಿಗಳ ಪಿನ್ ಇಂದಿಗೂ 5772ರಿಂದಲೇ ಶುರುವಾಗುತ್ತದೆ. ಹರಪನಹಳ್ಳಿಯಂತೂ ಬಳ್ಳಾರಿಯಿಂದ ದಾವಣಗೆರೆಗೆ ಬಂದು, ಮತ್ತೆ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಅದರ 583131 ಮಾತ್ರ ಕದಲಿಲ್ಲ. ಸರ್ಕಾರ ಜಿಲ್ಲೆಯ ಗಡಿ ಬದಲಿಸಬಹುದು. ಅಂಚೆ ಚೀಲ ಸಾಗುವ ದಾರಿ ಬೇರೆಯದೇ ಲೆಕ್ಕ. ಆದ್ದರಿಂದ ಜಿಲ್ಲೆ ನೋಡಿ ಪಿನ್ ಊಹಿಸುವುದು ಬೇಡವೇ ಬೇಡ.

ಹಾಗಾದರೆ ಸರಿಯಾದ ಪಿನ್ ತಿಳಿಯುವುದು ಹೇಗೆ? ನಿಮ್ಮ ಮನೆಗೆ ಟಪಾಲು ತರುವ ಅಂಚೆಯಣ್ಣನನ್ನೇ ಕೇಳಿ, ಅದಕ್ಕಿಂತ ನಂಬಿಕೆಯ ಮೂಲ ಇನ್ನೊಂದಿಲ್ಲ. ಅಂಚೆ ಇಲಾಖೆಯ ಜಾಲತಾಣದಲ್ಲೂ ಹುಡುಕಬಹುದು. ಹಳ್ಳಿಯ ಶಾಖಾ ಅಂಚೆ ಕಚೇರಿಗೆ ಪ್ರತ್ಯೇಕ ಪಿನ್ ಇರುವುದಿಲ್ಲ. ಅದು ಯಾವ ಉಪ ಅಂಚೆ ಕಚೇರಿಗೆ ಸೇರಿದೆಯೋ ಅದರದ್ದೇ ಇದಕ್ಕೂ. ಒಂದೇ ಪಿನ್‌ನಡಿ ಹಲವು ಹಳ್ಳಿಗಳು ಬರುವುದರಿಂದ ಊರು, ಶಾಖಾ ಕಚೇರಿ, ತಾಲ್ಲೂಕಿನ ಹೆಸರನ್ನು ಬಿಡಬಾರದು. ಪಿನ್ ಇದೆಯಲ್ಲ ಎಂದು ಅರ್ಧ ವಿಳಾಸ ಬರೆದರೆ ಪತ್ರ ಉಪ ಕಚೇರಿಯವರೆಗೆ ಬಂದು ಅಲ್ಲೇ ನಿಲ್ಲುತ್ತದೆ.

ಈಗ ಬರೆಯುವ ಕೆಲಸ. ಅಂಚೆ ಕಾರ್ಡ್, ಇನ್‌ಲ್ಯಾಂಡ್ ಪತ್ರಗಳಲ್ಲಿ ಇದಕ್ಕೆಂದೇ ಆರು ಚೌಕಗಳಿವೆ. ಸಾದಾ ಲಕೋಟೆಯಾದರೆ ವಿಳಾಸದ ಕೊನೆಯಲ್ಲಿ ಬಿಡಿಬಿಡಿಯಾಗಿ, ದಪ್ಪಗೆ ಬರೆಯಿರಿ. 1 ಮತ್ತು 7 ಒಂದೇ ಥರ ಕಾಣದಂತೆ ಎಚ್ಚರವಹಿಸಿ. ವಿಳಾಸ ಕನ್ನಡದಲ್ಲಿರಲಿ, ಆದರೆ ಪಿನ್‌ಗೆ ಕನ್ನಡ ಅಂಕಿ ಬಳಸಬೇಡಿ. ಪಟ್ನಾದಲ್ಲೋ ಕೋಲ್ಕತ್ತಾದಲ್ಲೋ ಕನ್ನಡ ಓದಲು ಬಾರದವರೂ ಆ ಆರು ಅಂಕಿಗಳಿಂದಲೇ ಪತ್ರವನ್ನು ಇತ್ತ ಕಳಿಸಬಲ್ಲರು.

ಕಳುಹಿಸುವವರ ವಿಳಾಸದಲ್ಲೂ ಪಿನ್ ಇರಲಿ. ಇದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ವಿಳಾಸದಾರರು ಮನೆ ಬದಲಿಸಿದ್ದರೆ ಪತ್ರ ನಿಮಗೇ ವಾಪಸಾಗಬೇಕು, ಆಗ ಅದನ್ನು ವಿಂಗಡಿಸುವುದೂ ನಿಮ್ಮ ಪಿನ್ ನೋಡಿಯೇ.