ಬೊಲೆರೊ ಹಿಂದಿನ ಚಕ್ರಕ್ಕೆ ಎಷ್ಟು ಗಾಳಿ?

"ಎಷ್ಟು ಹಾಕ್ಲಿ ಸಾರ್?" ಅಂತ ಬಂಕಿನ ಹುಡುಗ ಕೇಳಿದಾಗೆಲ್ಲ ನಾನು ಹೇಳುತ್ತಿದ್ದದ್ದು ಒಂದೇ: "ನಾಲ್ಕಕ್ಕೂ 40 ಹಾಕಪ್ಪ." (40 ಅಂದರೆ ಪಿಎಸ್‌ಐ, ಗಾಳಿಯ ಒತ್ತಡದ ಅಳತೆ.) ನಮ್ಮ ಬೊಲೆರೊದಲ್ಲಿ ಒಂದು ದಿನ ಅಡಿಕೆ ಮೂಟೆ, ಇನ್ನೊಂದು ದಿನ ಮದುವೆಗೆ ಹೊರಟ ಮನೆಮಂದಿ. ಗಾಳಿ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಲ್ವಾ ಅಂದುಕೊಂಡಿದ್ದೆ.

ಒಂದು ಮಳೆಗಾಲ ಚಾರ್ಮಾಡಿ ಘಾಟಿ ಹತ್ತುತ್ತಿದ್ದೆ. ಗಾಡಿ ಖಾಲಿ, ನಾನೊಬ್ಬನೇ. ತಿರುವಿನಲ್ಲಿ ಸೆಕೆಂಡ್ ಗೇರಿಗೆ ಹಾಕಿ ಆಕ್ಸಿಲರೇಟರ್ ಒತ್ತಿದೆ. ಹಿಂದಿನ ಚಕ್ರ ಗರ್ರನೆ ಸುಮ್ನೆ ತಿರುಗಿತು, ಗಾಡಿಯ ಹಿಂಭಾಗ ಪಕ್ಕಕ್ಕೆ ಜಾರಿತು. ಎದೆ ಧಸಕ್ಕೆಂದಿತು.

ಆಮೇಲೆ ಕೂತು ಯೋಚಿಸಿದೆ. ಈ ಗಾಡಿಯ ಎಂಜಿನ್ ಮುಂದಿದೆ, ತಳ್ಳುವುದು ಹಿಂದಿನ ಚಕ್ರ. ಖಾಲಿ ಇದ್ದಾಗ ಅದರ ಮೇಲೆ ಭಾರ ಕಡಿಮೆ. ಹಿಂದೆ ಭಾರ ಹೊರುವ ಪಟ್ಟಿ ಸ್ಪ್ರಿಂಗ್ (ಲೀಫ್ ಸ್ಪ್ರಿಂಗ್) ಬೇರೆ ಗಟ್ಟಿ. ಟೈರೂ ಕಲ್ಲಿನಂತಾದರೆ ನಡುಭಾಗವಷ್ಟೇ ರಸ್ತೆ ಮುಟ್ಟುತ್ತದೆ, ಹಿಡಿತ ಎಲ್ಲಿಂದ ಬರಬೇಕು? ಟೈರ್ ನೋಡಿದರೆ ಸವೆದದ್ದೂ ನಡುವೆಯೇ.

ಮುಂದಕ್ಕೆ ಎಷ್ಟು, ಹಿಂದಕ್ಕೆ ಎಷ್ಟು ಅಂತ ಕಂಪನಿಯವರು ಗಾಡಿಯ ಕೈಪಿಡಿಯಲ್ಲಿ ಬರೆದಿರುತ್ತಾರೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಗಾಳಿಯ ಅಂಕಿ ಮಾತ್ರ ಆ ಟೈರ್ ತಡೆಯುವ ಗರಿಷ್ಠ ಮಿತಿ. ಅಷ್ಟು ಹಾಕಿ ಅಂತ ಅರ್ಥ ಅಲ್ಲ.

ಗಾಳಿ ಅಳೆಯುವ ಒಂದು ಮೀಟರ್ ಕೊಂಡೆ. ಬಂಕಿನವರ ಮೀಟರ್ 32 ತೋರಿಸಿದ ಟೈರಿನಲ್ಲಿ ನನ್ನದು 36 ತೋರಿಸಿತು! ಈಗ ಬೆಳಿಗ್ಗೆ ಗಾಡಿ ಅಲುಗಾಡಿಸುವ ಮೊದಲೇ ನೋಡುತ್ತೇನೆ. ಮೊದಲು ಇಲ್ಲೂ ಎಡವಿದ್ದೆ. ಬೆಳಿಗ್ಗೆ 30 ಇದ್ದದ್ದು ಘಾಟಿಯ ಮೇಲಿನ ಕೊಟ್ಟಿಗೆಹಾರ ಮುಟ್ಟುವಾಗ 34 ಆಗಿತ್ತು. ಜಾಸ್ತಿಯಾಯಿತು ಅಂತ ಅಲ್ಲೇ ಸ್ವಲ್ಪ ಗಾಳಿ ಹೊರಗೆ ಬಿಟ್ಟೆ. ಮರುದಿನ ತಣ್ಣಗಾದ ಮೇಲೆ ನೋಡಿದರೆ 26! ಟೈರ್ ಬಿಸಿಯಾದಾಗ ಅಳತೆ ಏರುವುದು ಸಹಜ, ಅದನ್ನು ಮುಟ್ಟಬಾರದು.

ಈಗ ಖಾಲಿ ಓಡಿಸುವ ದಿನ ಹಿಂದಕ್ಕೆ ಕೈಪಿಡಿ ಹೇಳಿದಷ್ಟೇ, ಅದಕ್ಕಿಂತ ಕಡಿಮೆಗೆ ಇಳಿಸುವುದಿಲ್ಲ. ಮೂಟೆ ಹೇರುವ ದಿನ ಮೊದಲೇ ಹಿಂದೆರಡಕ್ಕೆ ನಾಲ್ಕೈದು ಏರಿಸುತ್ತೇನೆ. ಅದಕ್ಕೆಂದೇ 12 ವೋಲ್ಟಿನ ಪುಟ್ಟ ಪಂಪ್ ಇದೆ. ಅನುಮಾನ ಬಂದರೆ ಟೈರಿನ ಮೇಲೆ ಅಡ್ಡಕ್ಕೆ ಸೀಮೆಸುಣ್ಣದ ಗೆರೆ ಎಳೆದು, ನೆಟ್ಟಗಿನ ರಸ್ತೆಯಲ್ಲಿ ಸ್ವಲ್ಪ ಓಡಿಸಿ ನೋಡುತ್ತೇನೆ. ನಡುವೆ ಮಾತ್ರ ಅಳಿಸಿದರೆ ಗಾಳಿ ಜಾಸ್ತಿ, ಅಂಚು ಮಾತ್ರ ಅಳಿಸಿದರೆ ಕಡಿಮೆ.

ಹೀಗೆ ನಾಲ್ಕನ್ನೂ ಸರಿಮಾಡಿ ಬೀಗುತ್ತಿದ್ದಾಗ ಮಗಳು ಕೇಳಿದಳು, "ಅಪ್ಪಾ, ಐದನೇದು?" ಹಿಂಬಾಗಿಲಿನಲ್ಲಿ ಕವರ್ ಹೊದ್ದು ಕೂತಿದ್ದ ಸ್ಟೆಪ್ನಿಯಲ್ಲಿ ಇದ್ದದ್ದು 12.