ಕಾಸರಗೋಡಿಗೆ ಹೊಸದಾಗಿ ಬಂದವ್ರಿಗೆ: ವಿಮಾನದ ದೂರ ಮತ್ತು ಟೈಮಿನ ಲೆಕ್ಕ

ಸಿಪಿಸಿಆರ್‌ಐಗೋ (ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ), ಪೆರಿಯದ ಸೆಂಟ್ರಲ್ ಯೂನಿವರ್ಸಿಟಿಗೋ, ಬ್ಯಾಂಕಿಗೋ, ಕನ್ನಡ ಶಾಲೆಗೋ ಕೆಲಸಕ್ಕೆ ಅಂತ ಬಂದ ಮನೆಯವ್ರು ಸಂಘದಲ್ಲಿ ಸಿಕ್ಕಿದಾಗ ತುಂಬ ಜನ ಕೇಳ್ತಾರೆ, ಇಲ್ಲಿಂದ ದುಬೈಗೆ ಎಷ್ಟು ಗಂಟೆ, ದೆಲ್ಲಿಗೆ ಎಷ್ಟು ಅಂತ. ಮೊದಲು ಗೊತ್ತಿರ್ಬೇಕಾದ್ದು, ನಮ್ಮ ಜಿಲ್ಲೆಯಲ್ಲಿ ಏರ್‌ಪೋರ್ಟ್ ಇಲ್ಲ. ಬಡಗಿಗೆ ಮಂಗಳೂರಿನ ಬಜ್ಪೆ, ತೆಂಕಿಗೆ ಕಣ್ಣೂರಿನದ್ದು, ಅದಿರೋದು ಮಟ್ಟನ್ನೂರಲ್ಲಿ, 2018ರ ಡಿಸೆಂಬರಿನಲ್ಲಿ ಶುರುವಾದದ್ದು. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಪೇಟೆಯವ್ರಿಗೆ ಬಜ್ಪೆಯೇ ಹತ್ರ. ನೀಲೇಶ್ವರ, ತೃಕ್ಕರಿಪುರದ ಕಡೆ ಮನೆ ಮಾಡಿದವ್ರು ಕಣ್ಣೂರೂ ನೋಡಿ. ಬಜ್ಪೆಗೆ ತಲಪಾಡಿ ಗಡಿ ದಾಟ್ಬೇಕಲ್ಲ, ಟ್ಯಾಕ್ಸಿ ಬುಕ್ ಮಾಡುವಾಗ್ಲೇ ಕರ್ನಾಟಕಕ್ಕೆ ಪರ್ಮಿಟ್ ಉಂಟಾ ಕೇಳಿಕೊಳ್ಳಿ.

ಇನ್ನು ದೂರ. ಮ್ಯಾಪಲ್ಲಿ ತೋರಿಸೋ ರೋಡಿನ ಕಿಲೋಮೀಟರ್ ಇಲ್ಲಿ ಲೆಕ್ಕಕ್ಕಿಲ್ಲ, ವಿಮಾನ ಹತ್ರದ ದಾರಿಯಲ್ಲೇ ಹೆಚ್ಚುಕಮ್ಮಿ ಹೋಗ್ತದೆ. ಆ ದೂರವನ್ನು 800ರಿಂದ ಭಾಗಿಸಿ, ಏರ್ಲಿಕ್ಕೆ ಇಳೀಲಿಕ್ಕೆ ಅಂತ ಅರ್ಧ ಗಂಟೆ ಸೇರಿಸಿ, ಅಂದಾಜು ಸಿಗ್ತದೆ. ಮಂಗಳೂರಿಂದ ಮುಂಬೈ ಸುಮಾರು 700 ಕಿಲೋಮೀಟರ್, ಒಂದೂವರೆ ಗಂಟೆ. ದೆಲ್ಲಿ ಸುಮಾರು 1,750, ಎರಡೂಮುಕ್ಕಾಲು. ದುಬೈ ಸುಮಾರು 2,450, ಮೂರೂವರೆ ಗಂಟೆ, ಆದ್ರೆ ಚಳಿಗಾಲದಲ್ಲಿ ಮೇಲೆ ಪಡುವಣದಿಂದ ಬೀಸೋ ಗಾಳಿ ಜೋರಿರೋದ್ರಿಂದ ಹೋಗುವಾಗ ಸ್ವಲ್ಪ ಜಾಸ್ತಿ, ಬರುವಾಗ ಕಮ್ಮಿ.

ತುಂಬ ಜನಕ್ಕೆ ಗೊಂದಲ ಆಗೋದು ಟಿಕೆಟಿನ ಟೈಮ್ ನೋಡಿ. ಹೊರಡೋ ಟೈಮ್ ಹೊರಡೋ ಊರಿನದ್ದು, ತಲುಪೋ ಟೈಮ್ ತಲುಪೋ ಊರಿನದ್ದು. ದುಬೈ, ಅಬುಧಾಬಿ, ಮಸ್ಕತ್ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿ, ಕುವೈತ್, ಕತಾರ್, ಬಹರೈನ್ ಎರಡೂವರೆ ಗಂಟೆ ಹಿಂದೆ. ಬೆಳಿಗ್ಗೆ 10ಕ್ಕೆ ಬಜ್ಪೆ ಬಿಟ್ಟು 12.20ಕ್ಕೆ ದುಬೈ ಅಂತ ಇದ್ರೆ ಪ್ರಯಾಣ 3 ಗಂಟೆ 50 ನಿಮಿಷ. ಸಣ್ಣ ಮಗು ಇರುವವ್ರು, ಹೊತ್ತಿಗೆ ಸರಿಯಾಗಿ ಮಾತ್ರೆ ತಗೊಳ್ಳೋ ಅಪ್ಪ ಅಮ್ಮನನ್ನು ಒಬ್ಬೊಬ್ಬರನ್ನೇ ಕಳಿಸುವವ್ರು ದಯವಿಟ್ಟು ಇದನ್ನು ಕೂತು ಲೆಕ್ಕ ಹಾಕಿ, ಎರಡೂ ಟೈಮನ್ನು ನಮ್ಮ ಗಂಟೆಯಲ್ಲಿ ಕನ್ನಡದಲ್ಲೇ ಚೀಟಿ ಬರೆದು ಅವ್ರ ಕೈಲಿ ಕೊಡಿ. ಮತ್ತೆ ಟಿಕೆಟಲ್ಲಿ 15ನೇ ತಾರೀಕು 00.40 ಅಂತ ಇದ್ರೆ 14ನೇ ತಾರೀಕು ರಾತ್ರಿಯೇ ಏರ್‌ಪೋರ್ಟಲ್ಲಿ ಇರ್ಬೇಕು, 15ರ ರಾತ್ರಿ ಹೋದ್ರೆ ಫ್ಲೈಟ್ ಹೋಗಿ ಒಂದು ದಿನ ಆಗಿರ್ತದೆ.

ಗಲ್ಫಿಗಾದ್ರೆ ಮೂರು ಗಂಟೆ ಮೊದಲು ಅಲ್ಲಿರಿ, ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮುಂಚೆಯೇ ಮುಚ್ತಾರೆ. ಮನೆಯಿಂದ ದಾರಿಗೆ ಎರಡು ಗಂಟೆ ಇಟ್ಕೊಂಡ್ರೆ ಹಾರಾಟಕ್ಕಿಂತ ಇದೇ ಹೆಚ್ಚಾಯ್ತು ನೋಡಿ. ಹಾಗಾಗಿ ಬೆಂಗಳೂರಿಗೆ ಒಂದೇ ಗಂಟೆ ಅಂತ ವಿಮಾನ ಹಿಡಿಯೋದಕ್ಕಿಂತ ರಾತ್ರಿ ಬಸ್ಸು ಒಳ್ಳೆದು ಅಂತ ನಮ್ಮ ಅಭಿಪ್ರಾಯ, ತಿರುವನಂತಪುರಕ್ಕಂತೂ ವಂದೇ ಭಾರತ್ ಸುಮಾರು ಎಂಟು ಗಂಟೆಯಲ್ಲಿ ಮುಟ್ಟಿಸ್ತದೆ.

ಮಳೆಗಾಲದಲ್ಲಿ ಬಜ್ಪೆ ಗುಡ್ಡದ ಮೇಲೆ ಮೋಡ ಕವಿದು ರನ್‌ವೇ ಕಾಣದೆ ವಿಮಾನವನ್ನು ಬೆಂಗಳೂರಿಗೋ ಕಣ್ಣೂರಿಗೋ ತಿರುಗಿಸೋದುಂಟು. ಕರ್ಕೊಂಡು ಬರ್ಲಿಕ್ಕೆ ಹೋಗುವವ್ರು ಮನೆ ಬಿಡೋ ಮೊದಲು ಫ್ಲೈಟ್ ನಂಬರ್ ಹಾಕಿ ಎಲ್ಲಿ ಇಳೀತದೆ ನೋಡ್ಕೊಳ್ಳಿ.