ಮಳೆ ನಿಂತ ಮೇಲೆ ಸಂಪ್ ಮುಚ್ಚಳ ತೆಗೆದು ನೋಡಿ

ಮೊನ್ನೆ ರಾತ್ರಿ ಮಳೆಗೆ ನಮ್ಮ ರಸ್ತೆಯ ಮ್ಯಾನ್‌ಹೋಲ್ ಉಕ್ಕಿ ನೀರು ಗೇಟಿನೊಳಗೂ ಬಂತು. ಬೆಳಿಗ್ಗೆ ಸಂಪ್ ನೋಡಿದರೆ ಮೇಲೆ ತೆಳ್ಳಗೆ ನೊರೆ, ಕೊಳೆತ ಮೊಟ್ಟೆ ವಾಸನೆ. ಅಂಥ ನೀರನ್ನು ಸುಮ್ನೆ ಮೋಟರ್ ಹಾಕಿ ಮೇಲಿನ ಟ್ಯಾಂಕಿಗೆ ಏರಿಸಬೇಡಿ, ಆಮೇಲೆ ಎರಡನ್ನೂ ತೊಳೆಸಬೇಕು. ಚರಂಡಿ ನೀರಿನಲ್ಲಿ ಕಾಲರಾ, ಟೈಫಾಯ್ಡ್, ಕಾಮಾಲೆ ತರುವ ರೋಗಾಣುಗಳಿರಬಹುದು. ತಿಳಿಯಾಗಿ ಕಂಡರೂ ನಂಬಬೇಡಿ. ಸಂಪ್ ಖಾಲಿ ಮಾಡಿಸಿ, ಮೆಷಿನ್‌ನಲ್ಲಿ ತೊಳೆಯುವವರನ್ನು ಕರೆಸಿ. ಯಾರನ್ನೂ ಒಳಗಿಳಿಸಬೇಡಿ, ವಿಷಗಾಳಿ ಇರಬಹುದು. ಅಲ್ಲಿಯವರೆಗೆ ಕುಡಿಯುವ ನೀರು ಕೊತಕೊತ ಒಂದು ನಿಮಿಷವಾದರೂ ಕುದಿಯಲಿ. ಹಲ್ಲುಜ್ಜೋಕೂ ಕುದಿಸಿದ ನೀರೇ, ಇದನ್ನೇ ಅಲ್ವಾ ಎಲ್ಲರೂ ಮರೆಯೋದು! ಕಾಲಲ್ಲಿ ಗಾಯವಿದ್ದರೆ ಗಮ್‌ಬೂಟ್ ಇಲ್ಲದೆ ಉಕ್ಕಿದ ಚರಂಡಿ ನೀರಿಗೆ ಇಳಿಯಬೇಡಿ, ಇಲಿ ಜ್ವರ ಗಾಯದಿಂದಲೂ ಒಳಗೆ ಬರುತ್ತದೆ. ಮ್ಯಾನ್‌ಹೋಲ್ ಉಕ್ಕಿದರೆ ಬೆಂಗಳೂರು ಜಲಮಂಡಳಿಯ 1916ಕ್ಕೆ ಫೋನ್ ಮಾಡಿ.